ಮಗುವಿನ ಮನಸ್ಸಿನ ತೊಂದರೆಗೆ ಅಮೆರಿಕದ ಇ.ಆರ್.ಗೆ ಹೋಗುವಾಗ: ಭಾಷೆ, ಬಣ್ಣ ಮತ್ತು ಕೈಯಲ್ಲೊಂದು ಚೀಟಿ

ರಾತ್ರಿ ಹನ್ನೊಂದು ದಾಟಿತ್ತು. ನಾನು ಅಮೆರಿಕದ ಆಸ್ಪತ್ರೆಗಳಿಗೆ ಫೋನಿನಲ್ಲೇ ಕನ್ನಡ ದುಭಾಷಿಯಾಗಿ ಕೆಲಸ ಮಾಡುತ್ತೇನೆ. ಆ ಕಡೆ ಇ.ಆರ್.ನಲ್ಲಿ, ಅಂದರೆ ಆಸ್ಪತ್ರೆಯ ತುರ್ತು ವಿಭಾಗದಲ್ಲಿ, ಒಬ್ಬ ನರ್ಸ್, ಒಬ್ಬರು ಅಜ್ಜಿ, ಹದಿಮೂರು ವರ್ಷದ ಮೊಮ್ಮಗಳು. (ಗುರುತು ಸಿಗದ ಹಾಗೆ ವಿವರಗಳನ್ನು ಬದಲಿಸಿದ್ದೇನೆ.) ಅಪ್ಪ ಅಮ್ಮ ಇಬ್ಬರೂ ಊರಲ್ಲಿರಲಿಲ್ಲ. ಪಕ್ಕದ ಮನೆಯವರು ಕಾರಿನಲ್ಲಿ ಕರೆತಂದು ಬಿಟ್ಟಿದ್ದರು. ಹುಡುಗಿ ಗೋಡೆ ಕಡೆ ತಿರುಗಿ ಮಲಗಿದ್ದಾಳೆ, ಯಾರ ಹತ್ತಿರವೂ ಮಾತಾಡುತ್ತಿಲ್ಲ ಎಂದರು ನರ್ಸ್.

ನನಗಿಂತ ಮೊದಲು ಅಜ್ಜಿಗೆ ಹಿಂದಿ ದುಭಾಷಿಯನ್ನು ಕೊಟ್ಟಿದ್ದರಂತೆ. ಇಂಡಿಯಾದವರು ಅಂದರೆ ಹಿಂದಿ ಅಂತ ಲೆಕ್ಕ. ಅಜ್ಜಿಯ ಹಿಂದಿ ಸೀರಿಯಲ್ ನೋಡಿ ಕಲಿತದ್ದು. ನರ್ಸ್ ಬರೆದುಕೊಂಡದ್ದು ಇಷ್ಟೇ: ಎರಡು ದಿನದಿಂದ ಊಟ ಸೇರುತ್ತಿಲ್ಲ. ನಾನು "ಹೇಳಿ ಅಜ್ಜಿ, ಏನಾಯ್ತು?" ಅಂದದ್ದೇ ತಡ, ಅವರು ಅತ್ತೇಬಿಟ್ಟರು. "ಊಟ ಸೇರಲ್ಲ ಅಂತಲ್ಲ ಕಣವ್ವ, ಊಟ ಬಿಟ್ಟವಳೆ. ನಾನಿದ್ದೇನು ಪ್ರಯೋಜ್ನ ಅಜ್ಜಿ ಅಂತಾಳೆ. ನನ್ನ ಮಾತ್ರೆ ಡಬ್ಬಿ ಅವಳ ದಿಂಬಿನ ಕೆಳಗಿತ್ತು."

ಈ ಮೂರು ಮಾತು ನರ್ಸ್ ಕಿವಿಗೆ ಬೀಳುವ ಹೊತ್ತಿಗೆ ನಲವತ್ತು ನಿಮಿಷ ಹೋಗಿತ್ತು. ಅಲ್ಲಿಯವರೆಗೆ ಅದು ಹೊಟ್ಟೆಯ ಕೇಸು. ಆಮೇಲೆ ಎಲ್ಲವೂ ಬೇರೆ ವೇಗದಲ್ಲಿ ನಡೆಯಿತು.

ಅಲ್ಲಿ ಯಾರೂ ಕೆಟ್ಟವರಿರಲಿಲ್ಲ. ಆ ನರ್ಸ್ ಪಾಪ, ತುಂಬ ತಾಳ್ಮೆಯವರು. ತಾರತಮ್ಯ ಅಂದರೆ ಯಾರೋ ಬೈಯುವುದು, ಬಾಗಿಲು ಹಾಕುವುದು ಅಂದುಕೊಳ್ಳುತ್ತೇವೆ ಅಲ್ವಾ? ಇ.ಆರ್.ನಲ್ಲಿ ಅದು ಹಾಗೆ ಕಾಣಿಸುವುದು ಕಡಿಮೆ. ಸುಸ್ತಾದ ಜನ ನಿಮಿಷಗಳಲ್ಲಿ ತೆಗೆದುಕೊಳ್ಳುವ ಸಣ್ಣ ಸಣ್ಣ ತೀರ್ಮಾನಗಳಲ್ಲಿ ಅದು ಕೂತಿರುತ್ತದೆ. ಯಾವ ಭಾಷೆ, ಯಾವ ಸಾಲು, ಈ ಮಗು ಹೆದರಿದೆಯೋ ಅಥವಾ ಹೆದರಿಸುತ್ತಿದೆಯೋ. ಆ ಸಣ್ಣ ಜಾಗಗಳಲ್ಲಿ ಮನೆಯವರು ಕೈ ಹಾಕಬಹುದು. ಎಲ್ಲಿ, ಹೇಗೆ ಅಂತ ಹೇಳುತ್ತೇನೆ.

ಮೊದಲು ಲೆಕ್ಕ ಗೊತ್ತಿರಲಿ

2021ರ ಅಕ್ಟೋಬರಿನಲ್ಲಿ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ, ಮಕ್ಕಳ ಮನೋವೈದ್ಯರ ಸಂಘ, ಮಕ್ಕಳ ಆಸ್ಪತ್ರೆಗಳ ಒಕ್ಕೂಟ ಮೂರೂ ಸೇರಿ ಮಕ್ಕಳ ಮಾನಸಿಕ ಆರೋಗ್ಯದಲ್ಲಿ ರಾಷ್ಟ್ರೀಯ ತುರ್ತು ಸ್ಥಿತಿ ಇದೆ ಎಂದು ಸಾರಿದವು. ಆ ತುರ್ತು ಎಲ್ಲ ಮಕ್ಕಳಿಗೂ ಒಂದೇ ಥರ ಇಲ್ಲ. 5ರಿಂದ 12 ವರ್ಷದ ಕಪ್ಪು ಮಕ್ಕಳಲ್ಲಿ ಆತ್ಮಹತ್ಯೆಯ ಪ್ರಮಾಣ ಅದೇ ವಯಸ್ಸಿನ ಬಿಳಿ ಮಕ್ಕಳಿಗಿಂತ ಸುಮಾರು ಎರಡು ಪಟ್ಟು ಎಂದು 2018ರಲ್ಲಿ ಒಂದು ಅಧ್ಯಯನ ತೋರಿಸಿತು. ಅಮೆರಿಕದ ಈಶಾನ್ಯ ಮೂಲೆಯ ನ್ಯೂ ಇಂಗ್ಲೆಂಡಿನ ಹನ್ನೊಂದು ಇ.ಆರ್.ಗಳ ದಾಖಲೆ ನೋಡಿದ 2021ರ ಇನ್ನೊಂದು ಅಧ್ಯಯನದ ಪ್ರಕಾರ, ಕಪ್ಪು ಮಕ್ಕಳನ್ನು ಮಂಚಕ್ಕೆ ಕಟ್ಟುವ ಸಾಧ್ಯತೆ ಬಿಳಿ ಮಕ್ಕಳಿಗಿಂತ ಸುಮಾರು 1.8 ಪಟ್ಟು. ಸ್ಪ್ಯಾನಿಷ್ ಭಾಷಿಕ ಮೂಲದ (ಹಿಸ್ಪಾನಿಕ್) ಮಕ್ಕಳು ಇ.ಆರ್.ನಲ್ಲೇ ಹನ್ನೆರಡು ಗಂಟೆಗೂ ಜಾಸ್ತಿ ಕಾಯುವುದು ಹೆಚ್ಚು.

ನಮ್ಮ ಮಕ್ಕಳು? ಫಾರ್ಮಿನಲ್ಲಿ ನಾವು "ಏಷ್ಯನ್" ಅನ್ನುವ ಒಂದೇ ಚೌಕದೊಳಗೆ. ಚೀನಾದವರು, ಕೊರಿಯಾದವರು, ಕೋಲಾರದವರು ಎಲ್ಲ ಒಟ್ಟಿಗೆ. ಆ ಚೌಕದಲ್ಲಿ 2019ರಲ್ಲಿ 15ರಿಂದ 24 ವರ್ಷದವರ ಸಾವಿಗೆ ಮೊದಲ ಕಾರಣ ಆತ್ಮಹತ್ಯೆ. ಕಪ್ಪು ಹುಡುಗ ಜೋರಾಗಿ ಅತ್ತರೆ ಅವನನ್ನು ಅಪಾಯ ಅಂತ ನೋಡುತ್ತಾರೆ. ನಮ್ಮ ಹುಡುಗ ಸುಮ್ಮನೆ ಕೂತರೆ ಒಳ್ಳೆ ಹುಡುಗ ಅಂತ ಪಕ್ಕಕ್ಕೆ ಬಿಡುತ್ತಾರೆ. ಎರಡೂ ಮುಖ ನೋಡಿ ಹಾಕಿದ ಲೆಕ್ಕವೇ. ಆದರೆ ಎರಡರ ಪೆಟ್ಟು ಒಂದೇ ಅಲ್ಲ. ನಮ್ಮ ಮಕ್ಕಳ ಕೈಗೆ ಬೇಡಿ ಬೀಳುವುದು ಅಪರೂಪ ಅನ್ನುವುದನ್ನು ನಾವು ಮರೆಯಬಾರದು.

ಹೆಜ್ಜೆ 1: ಇವತ್ತೇ ಒಂದು ಹಾಳೆ ಬರೆದಿಡಿ

ಗಲಾಟೆ ಶುರುವಾದ ಮೇಲೆ ಏನೂ ನೆನಪಾಗುವುದಿಲ್ಲ. ಒಂದೇ ಹಾಳೆ ಸಾಕು. ಮಗುವಿನ ಹೆಸರು, ಹುಟ್ಟಿದ ದಿನ, ತೂಕ, ಅಲರ್ಜಿ, ತೆಗೆದುಕೊಳ್ಳುವ ಮಾತ್ರೆಗಳು, ಮಕ್ಕಳ ಡಾಕ್ಟರ್ ನಂಬರ್, ಇನ್ಶೂರೆನ್ಸ್ ಕಾರ್ಡಿನ ಎರಡೂ ಬದಿಯ ನಕಲು. ಆಮೇಲೆ ಬಹಳ ಜನ ಬಿಡುವ ಎರಡು ಸಾಲು: ಮಗುವಿಗೆ ಯಾವುದರಿಂದ ಕೋಪ, ಹೆದರಿಕೆ ಜಾಸ್ತಿಯಾಗುತ್ತದೆ, ಯಾವುದರಿಂದ ಸಮಾಧಾನ ಆಗುತ್ತದೆ. "ಮೈ ಮುಟ್ಟಿದರೆ ಸಿಟ್ಟು ಬರುತ್ತದೆ, ದೀಪ ಕಡಿಮೆ ಮಾಡಿ ಹತ್ತು ನಿಮಿಷ ಬಿಟ್ಟರೆ ತಾನೇ ಮಾತಾಡುತ್ತಾನೆ." ಮಗುವನ್ನು ಕಟ್ಟಬೇಕೋ ಬೇಡವೋ ಎನ್ನುವ ಹೊತ್ತಿನಲ್ಲಿ ಈ ಎರಡು ಸಾಲಿಗೆ ಬೆಲೆ ಬರುತ್ತದೆ.

ಅಜ್ಜಿ ತಾತ ಬಂದಿದ್ದಾರೆ, ನೀವು ಊರಿಗೆ ಹೋಗುತ್ತಿದ್ದೀರಿ ಅಂದರೆ, ಮಗುವಿನ ಚಿಕಿತ್ಸೆಗೆ ಅವರು ಒಪ್ಪಿಗೆ ಕೊಡಬಹುದು ಎಂದು ಸಹಿ ಹಾಕಿದ ಪತ್ರವನ್ನೂ ಇಡಿ. ಪತ್ರ ಇಲ್ಲದಿದ್ದರೂ ತುರ್ತು ಪರೀಕ್ಷೆ ನಿಲ್ಲುವುದಿಲ್ಲ. ಪತ್ರ ಇದ್ದರೆ ಮುಂದಿನ ಮಾತು ಬೇಗ ಸಾಗುತ್ತದೆ.

ಹಾಗೇ ಮನೆಯ ಮಾತ್ರೆಗಳಿಗೆಲ್ಲ ಬೀಗ ಹಾಕಿ. ಊರಿಂದ ತಂದ ಡೋಲೋ ಪಟ್ಟಿಗಳು, ಅಜ್ಜಿಯ ಬಿ.ಪಿ., ಶುಗರ್ ಮಾತ್ರೆಗಳು, ಎಲ್ಲವೂ. ನಮ್ಮ ಮನೆಗಳಲ್ಲಿ ಇವು ಬಿಸ್ಕತ್ ಡಬ್ಬಿಯ ಪಕ್ಕದಲ್ಲೇ ಇರುತ್ತವೆ.

ಹೆಜ್ಜೆ 2: 988ಕ್ಕೋ, 911ಕ್ಕೋ?

ಮಗು "ಸಾಯಬೇಕು ಅನಿಸುತ್ತಿದೆ" ಅನ್ನುತ್ತಿದೆ, ಆದರೆ ಈ ಕ್ಷಣ ಮೈಗೆ ಅಪಾಯ ಇಲ್ಲ ಅಂದರೆ 988, ಆತ್ಮಹತ್ಯೆ ಮತ್ತು ಮಾನಸಿಕ ಸಂಕಟದ ರಾಷ್ಟ್ರೀಯ ಸಹಾಯವಾಣಿ. ಇದು 2022ರ ಜುಲೈ 16ರಂದು ಶುರುವಾಯಿತು. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ. ಪೋಷಕರೂ ಮಾಡಬಹುದು. ಫೋನ್ ಮಾಡಿದರೆ ದುಭಾಷಿಯನ್ನು ಕೇಳಬಹುದು. ಮೆಸೇಜಿಗಾದರೆ ಇಂಗ್ಲಿಷ್, ಸ್ಪ್ಯಾನಿಷ್ ಮಾತ್ರ. ಫೋನ್ ಎತ್ತಿದ ತಕ್ಷಣ ಈಗ ಯಾವ ಊರಿನಲ್ಲಿದ್ದೀರಿ ಅಂತ ಹೇಳಿಬಿಡಿ. ನಮ್ಮಲ್ಲಿ ಅರ್ಧ ಜನರದು ಎಂ.ಎಸ್. ಓದಿದ ಊರಿನ ಏರಿಯಾ ಕೋಡ್. ಕಾನ್ಸಾಸಿನ ನಂಬರ್ ಇಟ್ಟುಕೊಂಡು ನ್ಯೂಜೆರ್ಸಿಯಲ್ಲಿ ಇರುತ್ತೇವೆ. ಏರಿಯಾ ಕೋಡ್ ನೋಡಿ ಕರೆ ಬೇರೆ ರಾಜ್ಯದ ಕೇಂದ್ರಕ್ಕೆ ಹೋಗಿ ಕೂರುವುದು 2024ರಿಂದ ಕಡಿಮೆಯಾಗಿದೆ, ಆದರೂ ಹೇಳಿಬಿಡುವುದೇ ಒಳ್ಳೆಯದು.

ಮನೆಗೇ ಬರುವ ತಂಡ ಇದೆಯಾ ಅಂತಲೂ ಕೇಳಿ. ನ್ಯೂಜೆರ್ಸಿಯಲ್ಲಿ ಮಕ್ಕಳಿಗೆಂದೇ ಅಂಥ ವ್ಯವಸ್ಥೆ ಇದೆ. ಕರೆ ಮಾಡಿದರೆ ಸಾಮಾನ್ಯವಾಗಿ ಒಂದು ಗಂಟೆಯೊಳಗೆ ಬರುತ್ತಾರೆ, ಪೊಲೀಸರಿಲ್ಲದೆ. ಮ್ಯಾಸಚೂಸೆಟ್ಸ್‌ನಲ್ಲಿ 2023ರಿಂದ ರಾಜ್ಯದ ಸಹಾಯವಾಣಿಯೇ ಇದೆ. ನಿಮ್ಮ ರಾಜ್ಯದ್ದು ಏನು ಅಂತ ಇವತ್ತೇ ಹುಡುಕಿ ಆ ಹಾಳೆಯಲ್ಲಿ ಬರೆಯಿರಿ.

ಮಾತ್ರೆ ನುಂಗಿಯಾಗಿದೆ, ಗಾಯ ಆಗಿದೆ, ಕೈಯಲ್ಲಿ ಏನೋ ಇದೆ ಅಂದರೆ ಯೋಚನೆ ಬೇಡ, 911, ಪೊಲೀಸ್ ಮತ್ತು ಆಂಬುಲೆನ್ಸಿನ ತುರ್ತು ನಂಬರ್. ಆದರೆ ಏನು ಹೇಳುತ್ತೀರಿ ಅನ್ನುವುದು ಮುಖ್ಯ. 2021ರ ಜನವರಿಯಲ್ಲಿ ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್‌ನಲ್ಲಿ ಒಂಬತ್ತು ವರ್ಷದ ಕಪ್ಪು ಹುಡುಗಿಯೊಬ್ಬಳ ಮನೆಗೆ ಪೊಲೀಸರು ಬಂದರು. ಮಗು ಸಾಯುವ ಮಾತಾಡುತ್ತಿತ್ತು. ಬೇಡಿ ಹಾಕಿ, ಕಾರಿಗೆ ತಳ್ಳುವಾಗ ಕಣ್ಣಿಗೆ ಪೆಪ್ಪರ್ ಸ್ಪ್ರೇ ಹೊಡೆದರು. "ಮಗು ಥರ ಆಡ್ತಿದ್ದೀಯ" ಅಂದ ಪೊಲೀಸನಿಗೆ ಆಕೆ "ನಾನು ಮಗುವೇ" ಅಂದದ್ದು ಬಾಡಿ ಕ್ಯಾಮೆರಾದಲ್ಲಿದೆ. ಕಪ್ಪು ಹೆಣ್ಣುಮಕ್ಕಳನ್ನು ದೊಡ್ಡವರು ವಯಸ್ಸಿಗೆ ಮೀರಿದವರಂತೆ ನೋಡುತ್ತಾರೆ ಎಂದು ಜಾರ್ಜ್‌ಟೌನ್ ಕಾನೂನು ಶಾಲೆಯ 2017ರ ವರದಿ ಹೇಳಿತ್ತು. ಐದು ವರ್ಷದಿಂದಲೇ ಶುರುವಂತೆ.

ಅದಕ್ಕೇ 911ಕ್ಕೆ ಮೊದಲ ವಾಕ್ಯದಲ್ಲೇ ವಯಸ್ಸು ಹೇಳಿ. "ನನ್ನ ಮಗನಿಗೆ ಹನ್ನೊಂದು ವರ್ಷ. ಇದು ಮಾನಸಿಕ ಆರೋಗ್ಯದ ತುರ್ತು. ಕೈಯಲ್ಲಿ ಏನೂ ಇಲ್ಲ. ಮನೆಯಲ್ಲಿ ಬಂದೂಕು ಇಲ್ಲ. ಆಂಬುಲೆನ್ಸ್ ಬೇಕು. ಪೊಲೀಸರು ಬರಲೇಬೇಕಾದರೆ ಸಿ.ಐ.ಟಿ. ತರಬೇತಿ ಆದವರನ್ನು ಕಳಿಸಿ." ಮಾನಸಿಕ ಸಂಕಟದಲ್ಲಿರುವವರ ಜೊತೆ ಹೇಗೆ ನಡೆದುಕೊಳ್ಳಬೇಕು ಅಂತ ಪೊಲೀಸರಿಗೆ ಕಲಿಸುವ ಈ ತರಬೇತಿ 1988ರಲ್ಲಿ ಮೆಂಫಿಸ್‌ನಲ್ಲಿ ಶುರುವಾದದ್ದು. ಎಲ್ಲ ಊರಲ್ಲೂ ಇಲ್ಲ, ಆದರೂ ಕೇಳಿ. ಕೈಯಲ್ಲಿ ಏನಾದರೂ ಇದ್ದರೆ ಇದೆ ಅಂತಲೇ ಹೇಳಬೇಕು, ಸುಳ್ಳು ಬೇಡ.

ಕಾರಿನಲ್ಲೇ ಕರೆದುಕೊಂಡು ಹೋಗಬಹುದು ಅನಿಸಿದರೆ, ಹಿಂದಿನ ಸೀಟಿನಲ್ಲಿ ಮಗುವಿನ ಪಕ್ಕ ಒಬ್ಬರು ಕೂರಲಿ. ಹತ್ತಿರದಲ್ಲಿ ಮಕ್ಕಳ ಆಸ್ಪತ್ರೆ ಇದ್ದರೆ ಅಲ್ಲಿಗೆ ಹೋಗಿ.

ಹೆಜ್ಜೆ 3: ಬಾಗಿಲಲ್ಲಿ ಹೇಳಬೇಕಾದ ಮೊದಲ ಮಾತು

ಅಂದಾಜು ಎರಡು ನಿಮಿಷದಲ್ಲಿ ಟ್ರಯಾಜ್ ನರ್ಸ್, ಅಂದರೆ ಯಾರನ್ನು ಮೊದಲು ನೋಡಬೇಕು ಅಂತ ವಿಂಗಡಿಸುವವರು, ಒಂದರಿಂದ ಐದರೊಳಗೆ ಒಂದು ಅಂಕಿ ಕೊಡುತ್ತಾರೆ. ಒಂದು ಅಂದರೆ ಈ ಕ್ಷಣ ನೋಡಬೇಕು, ಐದು ಅಂದರೆ ಕಾಯಬಹುದು. ಇಲ್ಲಿ ಸುತ್ತಿ ಬಳಸಿ ಮಾತಾಡಬೇಡಿ. ನಮಗೆ ಇದು ಕಷ್ಟ. "ಸ್ವಲ್ಪ ಬೇಜಾರಲ್ಲಿದ್ದಾನೆ" ಅಂತ ಶುರು ಮಾಡುತ್ತೇವೆ. ಮಾನ ಕಾಪಾಡಿಕೊಳ್ಳುವ ಅಭ್ಯಾಸ. ನನ್ನ ಕಾಲದಲ್ಲಿ ಬೆಂಗಳೂರಿನಲ್ಲಿ "ನಿಮ್ಹಾನ್ಸ್‌ಗೆ ಸೇರಿಸಬೇಕು ಇವನ್ನ" ಅನ್ನುವುದು ಬೈಗುಳ ಆಗಿತ್ತು. ಅದೇ ನಾಲಿಗೆ ಇ.ಆರ್. ಬಾಗಿಲಲ್ಲೂ ತಡವರಿಸುತ್ತದೆ. ಬದಲಿಗೆ ಹೀಗೆ ಹೇಳಿ: "ನನ್ನ ಮಗಳು ಸಾಯುತ್ತೇನೆ ಅಂತ ಇವತ್ತು ಸಂಜೆ ಏಳಕ್ಕೆ ಹೇಳಿದಳು. ಮಾತ್ರೆ ಎತ್ತಿಟ್ಟುಕೊಂಡಿದ್ದಳು." ಏನು ಹೇಳಿದಳು, ಏನು ಮಾಡಿದಳು, ಎಷ್ಟು ಹೊತ್ತಿಗೆ. ಅಷ್ಟೇ.

ದುಡ್ಡಿನ, ವೀಸಾದ ಹೆದರಿಕೆ ಇದ್ದರೆ ತಿಳಿದಿರಲಿ: 1986ರ ಎಮ್ಟಾಲಾ ಕಾನೂನಿನ ಪ್ರಕಾರ ಇ.ಆರ್.ಗೆ ಬಂದ ಯಾರನ್ನೇ ಆದರೂ ಪರೀಕ್ಷೆ ಮಾಡಿ, ಸ್ಥಿತಿ ಸ್ಥಿರವಾಗುವವರೆಗೆ ನೋಡಬೇಕು. ಕೊಡಲು ದುಡ್ಡಿದೆಯಾ, ಯಾವ ದೇಶದವರು ಅನ್ನುವುದು ಅಡ್ಡಿಯಾಗುವಂತಿಲ್ಲ.

ಹೆಜ್ಜೆ 4: "ಕನ್ನಡ. ಹಿಂದಿ ಅಲ್ಲ."

ಇದು ನನ್ನ ಕಸುಬು, ಸ್ವಲ್ಪ ಜಾಸ್ತಿ ಹೇಳುತ್ತೇನೆ.

ಸರ್ಕಾರದ ದುಡ್ಡು ಪಡೆಯುವ ಆಸ್ಪತ್ರೆ, ಅಂದರೆ ಹೆಚ್ಚುಕಡಿಮೆ ಎಲ್ಲ ಆಸ್ಪತ್ರೆಯೂ, ಇಂಗ್ಲಿಷ್ ಸರಿಯಾಗಿ ಬಾರದವರಿಗೆ ಬಿಟ್ಟಿಯಾಗಿ ಅರ್ಹ ದುಭಾಷಿಯನ್ನು ಕೊಡಬೇಕು. 1964ರ ನಾಗರಿಕ ಹಕ್ಕುಗಳ ಕಾಯ್ದೆ, ಆಮೇಲೆ ಬಂದ ಒಬಾಮ ಕಾಲದ ಆರೋಗ್ಯ ಕಾಯ್ದೆಯ 1557ನೇ ಸೆಕ್ಷನ್ ಇದಕ್ಕೆ ಆಧಾರ. ಮಕ್ಕಳನ್ನು ದುಭಾಷಿಯಾಗಿ ಬಳಸುವಂತಿಲ್ಲ, ಬೇರೆ ದಾರಿಯೇ ಇಲ್ಲದ ತೀರಾ ತುರ್ತು ಬಿಟ್ಟು. "ಅಣ್ಣನಿಗೆ ಇಂಗ್ಲಿಷ್ ಬರುತ್ತಲ್ಲ, ಅವನೇ ಹೇಳಲಿ" ಅಂದರೆ ಬೇಡ ಅನ್ನಿ. ತಂಗಿ ಯಾಕೆ ಸಾಯಬೇಕೆಂದಳು ಅನ್ನುವುದನ್ನು ಹದಿನೈದರ ಹುಡುಗ ಅನುವಾದ ಮಾಡಬಾರದು.

ನಿಮಗೆ ಆಫೀಸಿನ ಇಂಗ್ಲಿಷ್ ಸಲೀಸಾಗಿ ಬರಬಹುದು. ರಾತ್ರಿ ಎರಡು ಗಂಟೆಗೆ, ಕೈ ನಡುಗುವಾಗ, ಅದು ಬರುತ್ತದೆ ಅಂತ ನಂಬಬೇಡಿ. ಮೊನ್ನೆ ಒಬ್ಬ ತಂದೆ, ಇಪ್ಪತ್ತು ವರ್ಷದಿಂದ ಇಲ್ಲಿರುವವರು, ಎರಡು ವಾಕ್ಯ ಇಂಗ್ಲಿಷ್‌ನಲ್ಲಿ ಹೇಳಿ "ಇನ್ನು ಕನ್ನಡದಲ್ಲೇ ಹೇಳ್ತೀನಿ" ಅಂದರು.

ಕನ್ನಡದಿಂದ ಇಂಗ್ಲಿಷ್‌ಗೆ ಹೋಗುವಾಗ ಎಡವುವ ಕೆಲವು ಮಾತುಗಳಿವೆ. ನಾವು "ಸಾಕಾಗಿ ಸತ್ತೋದೆ" ಅಂತ ದಿನಕ್ಕೆ ಹತ್ತು ಸಲ ಅನ್ನುತ್ತೇವೆ. ಅಮ್ಮ ತನ್ನ ಬಗ್ಗೆ ಹಾಗಂದದ್ದು ಮಗುವಿನ ಮೇಲೆ ದಾಖಲಾಗಬಹುದು. ಉಲ್ಟಾ ಕೂಡ ಆಗುತ್ತದೆ. "ಅವನು ಸುಮ್ನೆ ಹಾಗಂತಾನೆ" ಅನ್ನುವ ಅಜ್ಜಿಯ ಸಮಾಧಾನ, ಮಗು ನಾಟಕ ಮಾಡುತ್ತಿದೆ ಎಂದು ಇಂಗ್ಲಿಷ್‌ನಲ್ಲಿ ಇಳಿಯುತ್ತದೆ. "ತಲೆ ಕೆಟ್ಟೋಗಿದೆ" ಅಂದರೆ ಸಿಟ್ಟೋ, ಗೊಂದಲವೋ, ಹುಚ್ಚೋ? ನಾನು ಪ್ರತಿ ಸಲ ನಿಲ್ಲಿಸಿ ಕೇಳಿಕೊಳ್ಳುತ್ತೇನೆ. ಕೇಳದ ದುಭಾಷಿಗಳೂ ಇದ್ದಾರೆ. ಹಾಗಾಗಿ ಗಾದೆ, ಉಪಮೆ ಬಿಟ್ಟು ನೋಡಿದ್ದನ್ನು ಹೇಳಿ. ಮಗು ಆಡಿದ ಮಾತನ್ನು ಅದು ಯಾವ ಭಾಷೆಯಲ್ಲಿ ಆಡಿತೋ ಅದೇ ಭಾಷೆಯಲ್ಲಿ, ಅದೇ ಪದಗಳಲ್ಲಿ ಹೇಳಿ.

ಕೆಲಸದ ನಿಯಮವೊಂದಿದೆ: ಫೋನ್ ಇಟ್ಟ ಮೇಲೆ ಏನಾಯಿತು ಅಂತ ನಮಗೆ ಯಾರೂ ಹೇಳುವುದಿಲ್ಲ. ಮೊದಲು ಹೇಳಿದ ಆ ಅಜ್ಜಿಯ ಮೊಮ್ಮಗಳು ಈಗ ಹೇಗಿದ್ದಾಳೋ ನನಗೆ ಗೊತ್ತಿಲ್ಲ.

ಹೆಜ್ಜೆ 5: ಒಳಗೆ ಹೋದ ಮೇಲೆ

ಬಟ್ಟೆ ಬದಲಿಸಿ ಗೌನ್ ಕೊಡುತ್ತಾರೆ. ಫೋನ್, ಬೆಲ್ಟ್, ಟೋಪಿ ಇರುವ ಸ್ವೆಟರಿನ (ಹೂಡಿ) ದಾರ, ಶೂ ಲೇಸ್ ತೆಗೆದಿಡುತ್ತಾರೆ. ಇದು ಶಿಕ್ಷೆ ಅಲ್ಲ, ಎಲ್ಲರಿಗೂ ಮಾಡುತ್ತಾರೆ. ಉಡುದಾರ, ಜನಿವಾರ, ಕೊರಳ ಕರಿದಾರವನ್ನೂ ಕೇಳಬಹುದು. ಮಗುವಿಗೆ ಮೊದಲೇ ಹೇಳಿ, ನೀವೇ ಬಿಚ್ಚಿ ಇಟ್ಟುಕೊಳ್ಳಿ. ಅಪರಿಚಿತರು ಸೊಂಟಕ್ಕೆ ಕೈ ಹಾಕಿದಾಗ ಮಗು ಒದ್ದರೆ, ಆ ಒದೆತ ಫೈಲಿನಲ್ಲಿ "ಆಕ್ರಮಣಕಾರಿ" ಅಂತ ಸೇರುತ್ತದೆ.

ಮಗುವಿನ ಜೊತೆ ಒಬ್ಬರೇ ಮಾತಾಡಬೇಕು ಅಂತ ನಿಮ್ಮನ್ನು ಹೊರಗೆ ಕಳಿಸುತ್ತಾರೆ. ಹೋಗಿ. ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆ ರೂಪಿಸಿದ ನಾಲ್ಕು ಪ್ರಶ್ನೆಗಳ ಪಟ್ಟಿ ಇದೆ, ಕೇಳಲು ಇಪ್ಪತ್ತು ಸೆಕೆಂಡ್ ಸಾಕು. ಅಮ್ಮ ಎದುರಿಗಿದ್ದರೆ ಸರಿಯಾದ ಉತ್ತರ ಬರುವುದಿಲ್ಲ. ಸಾವಿನ ಬಗ್ಗೆ ಕೇಳಿದರೆ ಮಗುವಿನ ತಲೆಗೆ ಆ ಯೋಚನೆ ಹಾಕಿದಂತಾಗುತ್ತದೆ ಅನ್ನುವುದು ತಪ್ಪು ಕಲ್ಪನೆ. ಬೇರೆ ಮಕ್ಕಳಿಗೆ ಕೇಳುವ ಈ ಪ್ರಶ್ನೆಗಳನ್ನು ನಿಮ್ಮ ಮಗುವಿಗೆ ಕೇಳದೆ ಕಳಿಸಲು ಹೊರಟರೆ, "ಆತ್ಮಹತ್ಯೆಯ ಸ್ಕ್ರೀನಿಂಗ್ ಆಯಿತಾ?" ಅಂತ ನೀವೇ ಕೇಳಿ.

ಕಟ್ಟುವ ಮಾತು ಬಂದರೆ, ಅಥವಾ ಸುಮ್ಮನಾಗಿಸುವ ಇಂಜೆಕ್ಷನ್ ಮಾತು ಬಂದರೆ, ನಿಮ್ಮ ಹಾಳೆ ತೆಗೆಯಿರಿ. "ಅವನಿಗೆ ಹೆದರಿಕೆ ಆಗಿದೆ. ನಾನು ಪಕ್ಕ ಕೂರುತ್ತೇನೆ, ಐದು ನಿಮಿಷ ಕೊಡಿ" ಅನ್ನಿ. ಆದರೂ ಕಟ್ಟಿದರೆ ಕೇಳಬೇಕಾದ್ದು: ಆದೇಶ ಯಾರು ಕೊಟ್ಟರು, ಎಷ್ಟು ಹೊತ್ತಿಗೆ, ಬಿಚ್ಚಲು ಮಗು ಏನು ಮಾಡಬೇಕು? ಕೇಂದ್ರದ ನಿಯಮದಲ್ಲಿ ಒಂದು ಆದೇಶ 9ರಿಂದ 17 ವರ್ಷದವರಿಗೆ ಹೆಚ್ಚೆಂದರೆ ಎರಡು ಗಂಟೆ, ಒಂಬತ್ತಕ್ಕಿಂತ ಚಿಕ್ಕವರಿಗೆ ಒಂದು ಗಂಟೆ. ಕಟ್ಟಿದ ಒಂದು ಗಂಟೆಯೊಳಗೆ ಅರ್ಹರೊಬ್ಬರು ಎದುರಿಗೆ ಬಂದು ನೋಡಬೇಕು. ಸಮಯ ಬರೆದುಕೊಳ್ಳಿ. ನೀವು ಬರೆದುಕೊಳ್ಳುತ್ತಿರುವುದು ಅವರಿಗೆ ಕಂಡರೂ ತೊಂದರೆ ಇಲ್ಲ, ಕಾಣಲಿ.

ನಿಮ್ಮ ಮಗನ ಗೆಳೆಯ ಕಪ್ಪು ಹುಡುಗ, ಅವನ ಅಮ್ಮ ಒಬ್ಬರೇ ಇ.ಆರ್.ನಲ್ಲಿದ್ದಾರೆ ಅಂತ ಗೊತ್ತಾದರೆ, ಒಂದು ನೋಟ್‌ಬುಕ್ ಹಿಡಿದು ಹೋಗಿ ಪಕ್ಕದಲ್ಲಿ ಕೂರಿ. ಅವರು ಧ್ವನಿ ಏರಿಸಿದರೆ ಅವರ ಬಗ್ಗೆಯೂ ಫೈಲಿನಲ್ಲಿ "ಆಕ್ರಮಣಕಾರಿ" ಎಂಬಂಥ ಒಂದು ಪದ ಬರೆಯುತ್ತಾರೆ. ಪಕ್ಕದಲ್ಲಿ ಇನ್ನೊಬ್ಬರು ಇದ್ದಾಗ ಆ ಪದ ಬರೆಯುವ ಕೈ ಸ್ವಲ್ಪ ತಡೆಯುತ್ತದೆ.

ಹೆಜ್ಜೆ 6: ಕಾಯುವುದು

ಮಾನಸಿಕ ವಾರ್ಡಿನಲ್ಲಿ ಹಾಸಿಗೆ ಸಿಗುವವರೆಗೆ ಮಕ್ಕಳನ್ನು ಇ.ಆರ್.ನಲ್ಲೇ ಇಟ್ಟುಕೊಳ್ಳುವುದಕ್ಕೆ ಇಲ್ಲಿ "ಬೋರ್ಡಿಂಗ್" ಅನ್ನುತ್ತಾರೆ. ನಾಲ್ಕು ಗಂಟೆ ಮೀರಬಾರದು ಎಂದು ಆಸ್ಪತ್ರೆಗಳಿಗೆ ಮಾನ್ಯತೆ ಕೊಡುವ ಜಾಯಿಂಟ್ ಕಮಿಷನ್‌ನ ಶಿಫಾರಸು. ನಿಜದಲ್ಲಿ ದಿನಗಟ್ಟಲೆ ಆಗುತ್ತದೆ. ಕಿಟಕಿ ಇಲ್ಲದ ಕೋಣೆ, ಬಾಗಿಲಲ್ಲಿ ಕಾವಲಿಗೊಬ್ಬರು.

ದಿನಕ್ಕೆರಡು ಸಲ ಕೇಸ್ ಮ್ಯಾನೇಜರ್ ಹತ್ತಿರ ಕೇಳಿ: ಯಾವ ಯಾವ ಆಸ್ಪತ್ರೆಗೆ ಕಾಗದ ಕಳಿಸಿದಿರಿ, ಯಾರು ಏನು ಅಂದರು, ಇಲ್ಲಿರುವಷ್ಟು ಹೊತ್ತು ಥೆರಪಿಸ್ಟ್ ಬರುತ್ತಾರಾ, ಹಗಲು ಹೋಗಿ ರಾತ್ರಿ ಮನೆಗೆ ಬರುವಂಥ ಕಾರ್ಯಕ್ರಮಕ್ಕೆ ಸೇರಿಸಬಹುದಾ? ಮಗುವನ್ನು ಇಟ್ಟುಕೊಂಡಿರುವುದು ನಮ್ಮ ಒಪ್ಪಿಗೆಯಿಂದಲೋ, ಕಾನೂನಿನ ತಡೆಯಿಂದಲೋ ಅಂತಲೂ ಕೇಳಿ. ಕ್ಯಾಲಿಫೋರ್ನಿಯಾದಲ್ಲಿ ಮಕ್ಕಳಿಗೆ 5585 ಅನ್ನುವ ಸೆಕ್ಷನ್, ಫ್ಲಾರಿಡಾದಲ್ಲಿ ಬೇಕರ್ ಆ್ಯಕ್ಟ್. ಎರಡರಲ್ಲೂ 72 ಗಂಟೆಯವರೆಗೆ ತಡೆದಿಡಬಹುದು. ಊಟದ ವಿಷಯ ಸಂಕೋಚ ಬೇಡ. ಮನೆಯ ಮೊಸರನ್ನ ಪ್ಲಾಸ್ಟಿಕ್ ಡಬ್ಬಿಯಲ್ಲಿ ತರಬಹುದಾ ಅಂತ ಕೇಳಿ ನೋಡಿ.

ಹೆಜ್ಜೆ 7: ಹೊರಗೆ ಬರುವ ಮುಂಚೆ, ಬಂದ ಮೇಲೆ

ಮುಂದಿನ ಅಪಾಯಿಂಟ್‌ಮೆಂಟ್ ತಾರೀಖು ಕೈಯಲ್ಲಿಲ್ಲದೆ ಹೊರಡಬೇಡಿ. ಕಡಿಮೆ ಆದಾಯದವರಿಗೆ ಸರ್ಕಾರ ಕೊಡುವ ವಿಮೆಯಾದ ಮೆಡಿಕೇಡ್‌ನಲ್ಲಿರುವ ಮಕ್ಕಳ ಬಗ್ಗೆ 2023ರಲ್ಲಿ ಬಂದ ಅಧ್ಯಯನದಲ್ಲಿ, ಇ.ಆರ್.ನಿಂದ ಹೋದ ಏಳು ದಿನದೊಳಗೆ ಮತ್ತೆ ಯಾರನ್ನಾದರೂ ಕಂಡವರು ಮೂರರಲ್ಲಿ ಒಬ್ಬರಿಗಿಂತ ಕಡಿಮೆ. ಕಪ್ಪು ಮಕ್ಕಳಲ್ಲಿ ಇನ್ನೂ ಕಡಿಮೆ. ಸುರಕ್ಷತೆಯ ಪ್ಲಾನ್, ಅಂದರೆ ಮತ್ತೆ ಅಂಥ ಯೋಚನೆ ಬಂದರೆ ಏನು ಮಾಡಬೇಕು ಅನ್ನುವುದನ್ನು, ಬರೆದು ಕೊಡಿ ಅಂತ ಕೇಳಿ. ಅದನ್ನು ಮಗುವಿನ ಜೊತೆ ಕೂತು ಬರೆಯಬೇಕು, ಮಗುವಿನ ಮಾತುಗಳಲ್ಲೇ ಇರಬೇಕು.

ವಾರದೊಳಗೆ ಆಸ್ಪತ್ರೆಯ ಆ್ಯಪ್ ತೆರೆದು ಡಾಕ್ಟರ್, ನರ್ಸ್ ಬರೆದ ನೋಟ್ಸ್ ಓದಿ. 2021ರ ಏಪ್ರಿಲ್‌ನಿಂದ ಇವನ್ನು ತಡ ಮಾಡದೆ ತೋರಿಸಬೇಕು ಅನ್ನುವ ನಿಯಮ ಇದೆ. ಹದಿವಯಸ್ಸಿನವರದ್ದು ಕೆಲವು ಭಾಗ ಪೋಷಕರಿಗೆ ಕಾಣದಿರಬಹುದು. ಶಿಕಾಗೋದ ಒಂದು ಆಸ್ಪತ್ರೆ ವ್ಯವಸ್ಥೆಯಲ್ಲಿ ದೊಡ್ಡವರ ಫೈಲುಗಳನ್ನು ನೋಡಿ 2022ರಲ್ಲಿ ಬಂದ ಅಧ್ಯಯನ, ಕಪ್ಪು ರೋಗಿಗಳ ಬಗ್ಗೆ "ಹೇಳಿದಂತೆ ಕೇಳುವುದಿಲ್ಲ" ಎಂಬಂಥ ಮಾತು ಬರೆದಿರುವ ಸಾಧ್ಯತೆ 2.5 ಪಟ್ಟು ಜಾಸ್ತಿ ಎಂದಿತು. ಒಮ್ಮೆ ಬರೆದ ಪದವನ್ನು ಮುಂದಿನ ಡಾಕ್ಟರ್ ಕೂಡ ಓದುತ್ತಾರೆ. ತಪ್ಪಿದ್ದರೆ ತಿದ್ದುಪಡಿ ಕೇಳುವ ಹಕ್ಕು, ರೋಗಿಗಳ ಮಾಹಿತಿ ಕಾಪಾಡುವ ಹಿಪಾ ಕಾನೂನಿನಲ್ಲಿದೆ, ಬರವಣಿಗೆಯಲ್ಲಿ ಕೇಳಿ.

ದೂರು ಕೊಡುವುದಿದ್ದರೆ ಮೊದಲು ಆಸ್ಪತ್ರೆಯಲ್ಲಿ ರೋಗಿಗಳ ದೂರು ಕೇಳುವ ಪೇಷಂಟ್ ಅಡ್ವೊಕೇಟ್ ಹತ್ತಿರ ಹೋಗಿ. ದುಭಾಷಿ ಕೊಡಲಿಲ್ಲ, ಬಣ್ಣ ನೋಡಿ ನಡೆದುಕೊಂಡರು ಅಂದರೆ ಕೇಂದ್ರ ಆರೋಗ್ಯ ಇಲಾಖೆಯ ನಾಗರಿಕ ಹಕ್ಕುಗಳ ಕಚೇರಿಗೆ ಹಾಕಬಹುದು. ಘಟನೆಯಾದ 180 ದಿನದೊಳಗೆ ಕೊಡಬೇಕು. ಆಗ ಬರೆದುಕೊಂಡ ಸಮಯಗಳು ಇಲ್ಲಿ ಕೆಲಸಕ್ಕೆ ಬರುತ್ತವೆ. ಬಿಲ್ ಬಂದರೆ ಗಾಬರಿಯಾಗಿ ಕಟ್ಟಿಬಿಡಬೇಡಿ. ಇನ್ಶೂರೆನ್ಸ್ ಇದ್ದವರಿಗೆ, ನೆಟ್‌ವರ್ಕ್ ಹೊರಗಿನ (ವಿಮಾ ಕಂಪನಿಯ ಪಟ್ಟಿಯಲ್ಲಿಲ್ಲದ) ಇ.ಆರ್. ಅಂತ ಜಾಸ್ತಿ ಹಾಕುವುದನ್ನು 2022ರ ಜನವರಿಯಿಂದ ಕಾನೂನು ತಡೆಯುತ್ತದೆ.

ಅಜ್ಜಿ ತಾತ ಬಂದಾಗ ಅವರ ಪರ್ಸಿನಲ್ಲಿ ಒಂದು ಚೀಟಿ ಇಡಿ. ಮೇಲೆ ಇಂಗ್ಲಿಷ್‌ನಲ್ಲಿ ದಪ್ಪ ಅಕ್ಷರ: "ನನ್ನ ಭಾಷೆ ಕನ್ನಡ. ಹಿಂದಿ ಅಲ್ಲ. ದಯವಿಟ್ಟು ಕನ್ನಡ ದುಭಾಷಿಯನ್ನು ಕರೆಯಿರಿ." ಕೆಳಗೆ ನಿಮ್ಮ ಫೋನ್ ನಂಬರ್. ಹಿಂಬದಿಯಲ್ಲಿ ಅವರಿಗಾಗಿ ಕನ್ನಡದಲ್ಲಿ: "ಮಗು ಏನಂದಿತೋ ಅದನ್ನೇ ಹೇಳಿ. ನಾಚಿಕೆ ಬೇಡ."